ತೆರೆಯ ಹಿಂದಿನ ದನಿ: ಮೋರನಾಳದ ಭೀಮವ್ವ ಮತ್ತು ತೊಗಲುಗೊಂಬೆಯಾಟದ ಹೆಣ್ಣುಪರಂಪರೆ

2025ರ ಗಣರಾಜ್ಯೋತ್ಸವದ ಮುನ್ನಾದಿನ ಪ್ರಕಟವಾದ ಪದ್ಮಶ್ರೀ ಪುರಸ್ಕೃತರ ಪಟ್ಟಿಯಲ್ಲಿ ಕೊಪ್ಪಳ ತಾಲ್ಲೂಕಿನ ಮೋರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರಿತ್ತು. ಆಗ ಅವರ ವಯಸ್ಸು 96. ಏಳು ದಶಕಗಳಿಗೂ ಮಿಕ್ಕಿ ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನು ತೊಗಲುಗೊಂಬೆಗಳಲ್ಲಿ ಆಡುತ್ತ ಬಂದ, ವಿದೇಶಗಳ ವೇದಿಕೆಗಳವರೆಗೂ ಆ ಆಟವನ್ನು ಒಯ್ದ ಈ ಹಿರಿಯ ಜೀವಕ್ಕೆ ಸಂದ ಗೌರವವನ್ನು ನಾಡು ಸಂತೋಷದಿಂದಲೇ ಸ್ವೀಕರಿಸಿತು. ಪತ್ರಿಕೆಗಳು ಅವರನ್ನು ಗೊಂಬೆಯಾಟದ ಅಜ್ಜಿ ಎಂದು ಕರೆದವು. ಬಡತನ, ಅಲೆದಾಟ, ಇಳಿವಯಸ್ಸು, ಕುಂದದ ಉತ್ಸಾಹ ಎಂಬ ಮಾತುಗಳ ಸುತ್ತಲೇ ಅವರ ಪರಿಚಯ ಬೆಳೆಯಿತು. ಈ ಮಾತುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಅವೆಲ್ಲವೂ ಭೀಮವ್ವನವರ ಬಾಳನ್ನು ಕುರಿತವೇ ಹೊರತು ಅವರ ಕಲೆಯನ್ನು ಕುರಿತವಲ್ಲ. ಅಜ್ಜಿ ಎಷ್ಟು ಕಷ್ಟ ತಾಳಿದಳು ಎಂಬುದನ್ನು ಹೇಳಿದವರು ಬಹಳ. ತೆರೆಯ ಹಿಂದೆ ನಿಂತು ಅಜ್ಜಿ ಮಾಡಿದ್ದೇನು ಎಂದು ಕೇಳಿದವರು ವಿರಳ.

ಪ್ರಚಾರಕ್ಕೆ ಬಂದ ಚಿತ್ರಗಳನ್ನೇ ಗಮನಿಸಬಹುದು. ಇಂಥ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಲಾವಿದೆ ಹಗಲು ಬೆಳಕಿನಲ್ಲಿ ಕೈಯಲ್ಲೊಂದು ಗೊಂಬೆ ಹಿಡಿದು ಕುಳಿತಿರುತ್ತಾಳೆ. ಹಗಲಿನಲ್ಲಿ ತೊಗಲುಗೊಂಬೆ ಬರಿಯ ತೊಗಲು. ಹಿಂದಿನಿಂದ ದೀಪದ ಬೆಳಕು ಬಿದ್ದಾಗಲೇ ಅದು ರಾವಣ, ಹನುಮಂತ. ಹಾಗೆಯೇ ಗೊಂಬೆಯಾಡಿಸುವವಳ ಜಾಗ ತೆರೆಯ ಹಿಂದೆ. ಗೌರವಿಸುವ ಭರದಲ್ಲಿ ಗೊಂಬೆಯನ್ನೂ ಅಜ್ಜಿಯನ್ನೂ ಅವರವರ ಜಾಗದಿಂದ ಎಬ್ಬಿಸಿ ಮುಂದಕ್ಕೆ ತಂದು ಕೂಡಿಸಲಾಗಿದೆ. ಅವರನ್ನು ಮತ್ತೆ ತೆರೆಯ ಹಿಂದೆಯೇ ಇರಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಈ ಕಲೆಯ ಹೆಸರು. ಶಿಷ್ಟ ವಿಮರ್ಶೆ ತೊಗಲುಗೊಂಬೆಯಾಟವನ್ನು ಒಮ್ಮೆ ಚಿತ್ರಕಲೆಯ ಪಕ್ಕದಲ್ಲಿ, ಒಮ್ಮೆ ಕರಕುಶಲದ ಪಕ್ಕದಲ್ಲಿ ಇರಿಸಿದೆ. ಜನ ಮಾತ್ರ ಅದನ್ನು ಆಟವೆಂದೇ ಕರೆದರು. ಬಯಲಾಟ, ದೊಡ್ಡಾಟ, ಸಣ್ಣಾಟಗಳಲ್ಲಿರುವ ಆಟವೇ ಇಲ್ಲಿಯೂ ಇದೆ. ಗೊಂಬೆಯನ್ನು ಯಾರೂ ತೋರಿಸುವುದಿಲ್ಲ, ಕುಣಿಸುತ್ತಾರೆ. ‘ಗೊಂಬಿ ಕುಣಸೋದು’ ಎಂಬ ಆಡುಮಾತಿನ ಕ್ರಿಯಾಪದದಲ್ಲೇ ಈ ಕಲೆಯ ಲಕ್ಷಣವಿದೆ. ಕುಣಿಯುವುದು ಗೊಂಬೆ, ಕುಣಿತ ಹುಟ್ಟುವುದು ಅದರ ಹಿಂದಿನ ಮೈಯಲ್ಲಿ. ಬಿದಿರ ಕಡ್ಡಿಯ ತುದಿಯಲ್ಲಿ ಹನುಮಂತ ಹಾರಬೇಕಾದರೆ ಹಿಡಿದವರ ಮೊಣಕೈ, ಭುಜ, ಸೊಂಟ ತಾಳಕ್ಕೆ ಸರಿಯಾಗಿ ಚಲಿಸಬೇಕು. ಪ್ರೇಕ್ಷಕನಿಗೆ ಈ ಮೈ ಕಾಣುವುದಿಲ್ಲವಾದರೂ ಅದರ ಲಯ ಕಾಣುತ್ತದೆ. ಆದ್ದರಿಂದ ಇದನ್ನು ನೃತ್ಯರಂಗಭೂಮಿ ಎಂದು ಕರೆಯುವುದು ಹೊರಗಿನಿಂದ ತಂದು ಹಚ್ಚಿದ ಪರಿಭಾಷೆಯಾಗಲಾರದು.

ರಂಗದ ವಿನ್ಯಾಸ ಬಲು ಸರಳ. ಮರ ಅಥವಾ ಬಿದಿರಿನ ಚೌಕಟ್ಟು, ಸುತ್ತಲೂ ಕಂಬಳಿಯ ಮರೆ, ಮುಂಬದಿಗೆ ಬಿಳಿಯ ತೆರೆ, ಒಳಗೆ ಹಿಂದೆ ಹರಳೆಣ್ಣೆಯ ದೀಪವಿದ್ದಲ್ಲಿ ಈಗ ವಿದ್ಯುದ್ದೀಪ. ಮದ್ದಳೆ, ತಾಳ, ಮುಖವೀಣೆ ಅಥವಾ ಹಾರ್ಮೋನಿಯಂ. ಆಡಿನ ಚರ್ಮವನ್ನು ಹದಮಾಡಿ, ಬೆಳಕು ತೂರುವಷ್ಟು ತೆಳುವಾಗಿಸಿ, ಅಂಚುಗಳಲ್ಲೂ ಆಭರಣಗಳಲ್ಲೂ ರಂಧ್ರ ಕೊರೆದು ಬಣ್ಣ ತುಂಬಿದ ಗೊಂಬೆಗಳು. ಕರ್ನಾಟಕದ ಗೊಂಬೆಗಳ ಒಂದು ವೈಶಿಷ್ಟ್ಯವನ್ನು ವಿದ್ವಾಂಸರು ಗುರುತಿಸಿದ್ದಾರೆ. ಬಿಡಿ ಪಾತ್ರಗಳ ಜೊತೆಗೆ ಇಡೀ ದೃಶ್ಯವನ್ನು ಒಂದೇ ತೊಗಲಿನಲ್ಲಿ ಬಿಡಿಸಿದ ಕೂಡುಗೊಂಬೆಗಳು ಇಲ್ಲಿ ಹೇರಳ. ಲೇಪಾಕ್ಷಿಯ ಚಾವಣಿ ಚಿತ್ರಗಳಿಗೂ ಇವುಗಳ ಮೈಕಟ್ಟಿಗೂ ಇರುವ ಹೋಲಿಕೆ ಹಲವು ಸಲ ಚರ್ಚೆಗೆ ಬಂದಿದೆ.

ಈ ಕೂಡುಗೊಂಬೆಗಳು ವಿಮರ್ಶೆಗೆ ಒಂದು ಪ್ರಶ್ನೆಯನ್ನು ಒಡ್ಡುತ್ತವೆ. ಮರದ ಕೆಳಗೆ ಕುಳಿತ ಸೀತೆಯನ್ನು ಮರದೊಂದಿಗೇ ಒಂದೇ ತೊಗಲಿನಲ್ಲಿ ಕೊರೆದಿದ್ದರೆ ಆ ಸೀತೆ ಕೈಯೆತ್ತಲಾರಳು, ತಲೆ ತಿರುಗಿಸಲಾರಳು. ಗೊಂಬೆಯ ಕಣ್ಣು ಸದಾ ತೆರೆದೇ ಇರುತ್ತದೆ, ಅದಕ್ಕೆ ಅಳಲೂ ಬಾರದು. ಇಂಥ ಹೊತ್ತಿನಲ್ಲಿ ತೆರೆಯ ಮೇಲೆ ಚಲಿಸುವುದು ಏನು? ದನಿಯೊಂದೇ. ಬಣ್ಣದ ಒಂದು ನಿಶ್ಚಲ ಚಿತ್ರವನ್ನು ಹಾಡು, ಬಿಕ್ಕು, ಉಸಿರಿನ ಏರಿಳಿತಗಳಿಂದ ಪಾತ್ರವಾಗಿಸುವ ಹೊಣೆ ಆ ದನಿಯದು. ತೊಗಲುಗೊಂಬೆಯ ಮೇಳಗಳಲ್ಲಿ ಈ ದನಿ ಸಾಮಾನ್ಯವಾಗಿ ಹೆಣ್ಣಿನದು. ಗೊಂಬೆ ಕುಣಿಸುವ ಕೈ ಹೆಚ್ಚಾಗಿ ಗಂಡಿನದು; ಹಾಡಿನ ಹಿಮ್ಮೇಳ, ಸ್ತ್ರೀಪಾತ್ರಗಳ ಮಾತು, ತಾಳ ಇವು ಹೆಂಡತಿ, ತಾಯಿ, ಸೊಸೆಯರದು ಎಂಬುದು ಈ ಕಲೆಯ ರೂಢಿಯ ಶ್ರಮವಿಭಜನೆ. ಭೀಮವ್ವನವರು ಹಾಡಿಗೆ ಮಾತ್ರ ಸೀಮಿತರಾದವರಲ್ಲ, ಗೊಂಬೆ ಹಿಡಿದು ಕುಣಿಸುವವರಾಗಿಯೇ ಹೆಸರಾದವರು. ರೂಢಿಯ ಗೆರೆಯನ್ನು ಅವರು ಮೀರಿದ್ದಾರೆ ಎಂಬುದಕ್ಕೆ ಸಿಗಬೇಕಾದ ಪ್ರಾಮುಖ್ಯ ಅವರ ವಯಸ್ಸಿನ ಲೆಕ್ಕದ ನಡುವೆ ಕಳೆದುಹೋಗಿದೆ.

ಇಲ್ಲಿ ಉತ್ತರ ಕರ್ನಾಟಕದ ಉಳಿದ ಆಟಗಳೊಡನೆ ಹೋಲಿಕೆ ಅಗತ್ಯ. ದೊಡ್ಡಾಟದ ಅಟ್ಟದ ಮೇಲೆ ದ್ರೌಪದಿಯಾಗಿ ಕುಣಿದವನು ಬಹುಕಾಲ ಗಂಡಸೇ. ಕೃಷ್ಣಪಾರಿಜಾತದಲ್ಲಿ ಕೌಜಲಗಿ ನಿಂಗಮ್ಮನಂಥ ಪ್ರತಿಭಾವಂತೆ ಮುಂದೆ ಬಂದಳಾದರೂ ರಂಗ ಹತ್ತಿದ ಹೆಣ್ಣನ್ನು ಊರು ನೋಡುತ್ತಿದ್ದ ರೀತಿ ಗೌರವದ್ದೇ ಆಗಿತ್ತೆಂದು ಹೇಳಲಾಗದು. ತೊಗಲುಗೊಂಬೆಯ ತೆರೆ ಈ ಬಿಕ್ಕಟ್ಟಿಗೆ ಬೇರೊಂದು ದಾರಿ ಮಾಡಿಕೊಟ್ಟಿತು. ಹೆಣ್ಣಿನ ಮೈಯನ್ನು ಅದು ಮರೆಮಾಡಿತು, ದನಿಯನ್ನು ಊರ ನಡುವೆ ಬಿಟ್ಟಿತು. ಮೈ ಕಾಣದ ಕಾರಣ ವಯಸ್ಸಿಗೂ ಅಲ್ಲಿ ಅಡ್ಡಿಯಿಲ್ಲ. ಎಪ್ಪತ್ತರ ಅಜ್ಜಿ ಅಶೋಕವನದ ಸೀತೆಯಾಗಬಲ್ಲಳು, ಮರುಗಳಿಗೆ ಶೂರ್ಪನಖಿಯಾಗಿ ಆರ್ಭಟಿಸಬಲ್ಲಳು. ಮನುಷ್ಯರೇ ವೇಷ ಹಾಕುವ ರಂಗಭೂಮಿ ಮುದುಕಿಗೆ ಮುದುಕಿಯ ಪಾತ್ರವನ್ನಷ್ಟೇ ಉಳಿಸಿಕೊಟ್ಟರೆ ಗೊಂಬೆಯಾಟ ಅವಳಿಗೆ ಎಲ್ಲ ಪ್ರಾಯಗಳನ್ನೂ ಕೊಟ್ಟಿತು. ಆದರೆ ಯಾವ ಮರೆ ಅವಳಿಗೆ ಈ ಸ್ವಾತಂತ್ರ್ಯ ಕೊಟ್ಟಿತೋ ಅದೇ ಮರೆ ಅವಳನ್ನು ಲೆಕ್ಕದಿಂದ ಹೊರಗಿಟ್ಟಿತು. ಆಟ ಮುಗಿದ ಮೇಲೆ ಊರು ಹೊಗಳಿದ್ದು ಗೊಂಬೆಯಾಡಿಸಿದ ಯಜಮಾನನನ್ನು.

ಸಂಗ್ರಹಕಾರರ ಕಾಲದಲ್ಲಿಯೂ ಇದು ಬದಲಾಗಲಿಲ್ಲ. ಎಂ.ಎಸ್. ನಂಜುಂಡರಾವ್ ಅವರ ದೀರ್ಘಕಾಲದ ದುಡಿಮೆಯಿಂದ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳ ಅಪೂರ್ವ ಸಂಗ್ರಹ ರೂಪುಗೊಂಡಿತು. ಮಾರಾಟವಾಗಿಯೋ ಹುಳು ತಿಂದೋ ಹಾಳಾಗುತ್ತಿದ್ದ ಗೊಂಬೆಗಳು ಉಳಿದದ್ದು ಇಂಥವರಿಂದ. ಉಡುಪಿಯ ಎಸ್.ಎ. ಕೃಷ್ಣಯ್ಯ ಅವರ ಅಧ್ಯಯನ 1980ರ ದಶಕದಲ್ಲಿ ಕರ್ನಾಟಕದ ಗೊಂಬೆಯಾಟಗಳನ್ನು ಪ್ರದರ್ಶನ ಕಲೆಯಾಗಿ ಕಾಣಿಸಿತು. ಈ ಕೆಲಸಗಳ ಮಹತ್ವವನ್ನು ಯಾವ ಕಾರಣಕ್ಕೂ ಕಡಿಮೆ ಮಾಡುವಂತಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಸಂಗ್ರಹಾಲಯಕ್ಕೆ ಬರಬಲ್ಲದ್ದು ಗೊಂಬೆ. ಅಲ್ಲಿ ಅದು ಚಿತ್ರವಾಗುತ್ತದೆ. ಅದರ ಎತ್ತರ, ಬಣ್ಣ, ಕೆತ್ತನೆ, ಕಾಲ ಇವು ಚರ್ಚೆಯ ವಿಷಯಗಳಾಗುತ್ತವೆ. ಗೊಂಬೆ ಕೊರೆದ ಕೈ ಹೀಗೆ ಕಲಾಚರಿತ್ರೆಯೊಳಕ್ಕೆ ಬಂತು. ಅದಕ್ಕೆ ಮಾತು ಕೊಟ್ಟ ಬಾಯಿ ಮೋರನಾಳದಂಥ ಊರುಗಳಲ್ಲೇ ಉಳಿಯಿತು. ತೊಗಲುಗೊಂಬೆಯ ಬಗ್ಗೆ ಕನ್ನಡದಲ್ಲಿ ನಡೆದ ಚರ್ಚೆ ಕಣ್ಣಿನದೇ ಆಗಿ ಕಿವಿಯದಾಗದೆ ಹೋದುದಕ್ಕೆ ಇದೂ ಒಂದು ಕಾರಣ.

ಕಿವಿಗೊಟ್ಟರೆ ಮೊದಲು ಕೇಳುವುದು ನಗೆ. ಗಣಪತಿ, ಸರಸ್ವತಿಯರ ಸ್ತುತಿ ಮುಗಿಯುತ್ತಿದ್ದಂತೆ ತೆರೆಗೆ ಬರುವವರು ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ. ಕಪ್ಪು ಮೈಯ, ವಿಕಾರ ರೂಪದ ಈ ಜೋಡಿ ಬೈದಾಡಿಕೊಳ್ಳುತ್ತದೆ, ಬಡಿದಾಡಿಕೊಳ್ಳುತ್ತದೆ, ಲಂಗುಲಗಾಮಿಲ್ಲದ ಮಾತಾಡುತ್ತದೆ, ಊರ ದೊಡ್ಡವರ ಕಾಲೆಳೆಯುತ್ತದೆ, ಮುಂದಿನ ಕಥೆಗೆ ಪೀಠಿಕೆ ಹಾಕುತ್ತದೆ. ದೇವತೆಗಳ ಗೊಂಬೆಗಳಿಗೆ ಒಂದೋ ಎರಡೋ ಕೀಲುಗಳಿದ್ದರೆ ಈ ಹಾಸ್ಯಗೊಂಬೆಗಳ ಕೈ, ಕಾಲು, ಕುತ್ತಿಗೆಗಳೆಲ್ಲ ಸಡಿಲ. ನಿಜವಾದ ಕುಣಿತ ಇರುವುದು ಇವರಲ್ಲಿಯೇ. ರಾಮ ನಿಲ್ಲುತ್ತಾನೆ, ಬಂಗಾರಕ್ಕ ಕುಣಿಯುತ್ತಾಳೆ.

ಸಮುದಾಯದ ಹೆಸರು ಬಂದದ್ದೂ ಈ ಗೊಂಬೆಯಿಂದಲೇ. ಮನೆಯಲ್ಲಿ ಮರಾಠಿಯ ಒಂದು ಪ್ರಭೇದವನ್ನಾಡುವ, ಆಟದಲ್ಲಿ ಕನ್ನಡವಾಡುವ, ಆಟವಿಲ್ಲದ ದಿನಗಳಲ್ಲಿ ಹೊಳೆ ಕೆರೆಗಳಲ್ಲಿ ಮೀನು ಹಿಡಿದು ಬದುಕಿದ ಈ ಜನರನ್ನು ಊರವರು ತಮ್ಮನ್ನು ನಗಿಸುವ ಗೊಂಬೆಯ ಹೆಸರಿನಿಂದ ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಎಂದು ಕರೆದರು. ಸರ್ಕಾರದ ಪರಿಶಿಷ್ಟ ಜಾತಿಗಳ ಪಟ್ಟಿಗೂ ಸೇರಿದ್ದು ಶಿಳ್ಳೇಕ್ಯಾತ ಎಂಬ ಹೆಸರೇ. ಒಂದು ಸಮುದಾಯ ತನ್ನ ವಿದೂಷಕನ ಹೆಸರನ್ನೇ ಕುಲನಾಮವಾಗಿ ಹೊತ್ತಿರುವುದು ಅಪರೂಪದ ಸಂಗತಿ. ಆ ವಿದೂಷಕನಿಗೆ ಮಾತಿಗೆ ಮಾತು ಕೊಟ್ಟು ಆಟ ನಡೆಸಿದ ಬಂಗಾರಕ್ಕನ ಹೆಸರು ಮಾತ್ರ ಯಾರಿಗೂ ಕುಲನಾಮವಾಗಲಿಲ್ಲ.

ಕೊಪ್ಪಳ ಸೀಮೆಯಲ್ಲಿ ರಾಮಾಯಣವನ್ನು ಆಡುವುದಕ್ಕೆ ಬೇರೆಡೆ ಇಲ್ಲದ ಒಂದು ಅರ್ಥವಿದೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳ ಜಿಲ್ಲೆಯಾಗಿ ರೂಪುಗೊಂಡ ಈ ನಾಡಿನ ಗಂಗಾವತಿ ಭಾಗದಲ್ಲಿ ಆನೆಗೊಂದಿಯಿದೆ. ಜನರ ನಂಬಿಕೆಯಲ್ಲಿ ಅದೇ ಕಿಷ್ಕಿಂಧೆ. ಅಂಜನಾದ್ರಿ ಅಲ್ಲಿದೆ, ಪಂಪಾ ಸರೋವರ ಅಲ್ಲಿದೆ. ವಾಲಿ ಸುಗ್ರೀವರ ಕಾಳಗವನ್ನು ತೆರೆಯ ಮೇಲೆ ನೋಡಿದವನು ಬೆಳಗಾದ ಮೇಲೆ ಬಂಡೆಗುಡ್ಡಗಳ ಕಡೆ ಕೈ ಮಾಡಿ ತೋರಿಸಬಲ್ಲ. ದೂರದ ಅಯೋಧ್ಯೆಯ ಕಥೆ ಇಲ್ಲಿ ಊರ ಪಕ್ಕದ ಗುಡ್ಡದ ಕಥೆಯಾಗಿಬಿಡುತ್ತದೆ.

ಪಂಪಾ ಸರೋವರದ ಬಳಿ ಶಬರಿಯ ನೆಲೆಯನ್ನೂ ತೋರಿಸುತ್ತಾರೆ. ಕಾಡಿನ ಬುಡಕಟ್ಟಿನ ಮುದುಕಿ, ರಾಮನಿಗಾಗಿ ಕಾದು ಕಾದು ಬಸವಳಿದವಳು, ಹಣ್ಣು ಕೊಟ್ಟು ಕೃತಾರ್ಥಳಾದವಳು. ಜಾನಪದ ಕಲಾವಿದೆಯರನ್ನು ಗೌರವಿಸುವಾಗ ಆಧುನಿಕ ಕರ್ನಾಟಕ ತನಗರಿವಿಲ್ಲದೆಯೇ ಈ ಶಬರಿಯ ಮಾದರಿಯನ್ನು ಮುಂದಿರಿಸಿಕೊಳ್ಳುತ್ತದೆ ಎಂದು ತೋರುತ್ತದೆ. ತಾಳಿದವನು ಬಾಳಿಯಾನು ಎಂಬ ಗಾದೆಯ ಧಾಟಿಯಲ್ಲಿ ಅಜ್ಜಿಯ ತಾಳ್ಮೆ, ಅವಳ ಕಾಯುವಿಕೆ, ಕಡೆಗೂ ಬಂದು ಹರಸಿದ ಪ್ರಭುತ್ವ, ಅವಳ ಕಣ್ಣೀರು. ಅಭಿನಂದನೆಯ ಭಾಷಣಗಳ ಕಥನ ಇದು. ಗೊಂಬೆಯಾಟದ ಅಜ್ಜಿಯ ಕಲೆಯಿಂದ ಹೊರಡುವ ಮಾದರಿ ಇದಲ್ಲ. ಅಲ್ಲಿ ಹೆಣ್ಣಿನ ಗಟ್ಟಿತನ ಕಾಯುವುದರಲ್ಲಿ ಇಲ್ಲ, ಎದುರುತ್ತರ ಕೊಡುವುದರಲ್ಲಿದೆ. ಅವಳು ಬಂಗಾರಕ್ಕನ ಕಡೆಯವಳು. ಪುರಾಣದ ಸೀತೆಯ ಅಳುವನ್ನೂ ಬಂಗಾರಕ್ಕನ ಬೈಗುಳವನ್ನೂ ಒಂದೇ ರಾತ್ರಿ, ಒಂದೇ ಗಂಟಲಿನಿಂದ ನಡೆಸಬಲ್ಲ ಶಕ್ತಿಯನ್ನು ಬರಿಯ ಸಹನೆ ಎಂದು ಹೊಗಳಿದರೆ ಅದು ಅರ್ಧ ಹೊಗಳಿಕೆ.

ಆಟಕ್ಕೆ ಒಣನೆಲದ ನಂಟೂ ಇದೆ. ಕುಷ್ಟಗಿ, ಯಲಬುರ್ಗಾಗಳ ಬೇಸಾಯ ಬಹುಪಾಲು ಮಳೆಯನ್ನೇ ನೆಚ್ಚಿದ್ದು. ಮಳೆ ಹೋದಾಗ, ದನಗಳಿಗೆ ರೋಗ ಬಂದಾಗ ತೊಗಲುಗೊಂಬೆ ಆಡಿಸುವ ವಾಡಿಕೆಯನ್ನು ಕರ್ನಾಟಕದ ಹಲವೆಡೆ ವಿದ್ವಾಂಸರು ದಾಖಲಿಸಿದ್ದಾರೆ. ವಿರಾಟಪರ್ವ ನಡೆದರೆ ಮಳೆ ಬರುತ್ತದೆಂಬ ನಂಬಿಕೆ ಓದುವ ಪರಂಪರೆಯಲ್ಲೂ ಆಡುವ ಪರಂಪರೆಯಲ್ಲೂ ಇದೆ. ವಿರಾಟಪರ್ವದ ಕೇಂದ್ರದಲ್ಲಿ ವೇಷ ಮರೆಸಿಕೊಂಡ ಸೈರಂಧ್ರಿಯಿದ್ದಾಳೆ, ಅಂದರೆ ಮರೆಯಲ್ಲಿ ನಿಂತು ಮಾತಾಡುವ ಹೆಣ್ಣಿದ್ದಾಳೆ. ಕಂಬಳಿಯ ಮರೆಯಲ್ಲಿ ಕುಳಿತು ಅವಳಿಗೆ ದನಿ ಕೊಡುವವಳಿಗೂ ಅವಳಿಗೂ ಇರುವ ಸಾದೃಶ್ಯವನ್ನು ಹೆಚ್ಚು ಎಳೆಯಬೇಕಾಗಿಲ್ಲ. ಮಳೆಗಾಗಿ ಊರೇ ಬೇಡಿಕೊಳ್ಳುವ ರಾತ್ರಿಯಲ್ಲಿ ಆ ಬೇಡಿಕೆ ಹೊರಡುವುದು ಊರ ಹೊರಗೆ ಬಿಡಾರ ಹೂಡಿದ ಹೆಣ್ಣಿನ ಬಾಯಿಂದ ಎಂಬುದಷ್ಟನ್ನು ನೆನೆದರೆ ಸಾಕು.

ಗಂಗಾವತಿಯ ಕಥೆ ಬೇರೆ. 1953ರಲ್ಲಿ ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ಬಂದು ಅದು ಭತ್ತದ ನಾಡಾಯಿತು. ಕಾಲುವೆಯ ನೀರಿಗೆ ಗೊಂಬೆಯಾಟದ ಹರಕೆ ಬೇಡ. ಮುಂದೆ 1987-88ರಲ್ಲಿ ದೂರದರ್ಶನದ ರಾಮಾಯಣ ಬಂದಾಗ ಒಣನೆಲ ನೀರಾವರಿ ಎಂಬ ಭೇದವಿಲ್ಲದೆ ಜನ ಇನ್ನೊಂದು ತೆರೆಯ ಮುಂದೆ ಕುಳಿತರು. ಅದರಿಂದಾಚೆಗೆ ಮೇಳಗಳು ಊರಿನ ಆಶ್ರಯಕ್ಕಿಂತ ಉತ್ಸವ, ಅಕಾಡೆಮಿ, ಇಲಾಖೆಗಳ ಆಶ್ರಯವನ್ನೇ ನೆಚ್ಚಬೇಕಾಯಿತು. ರಾತ್ರಿಯಿಡೀ ನಡೆಯುತ್ತಿದ್ದ ಆಟ ಗಂಟೆ, ಅರ್ಧ ಗಂಟೆಗೆ ಇಳಿಯಿತು. ಮೊದಲು ಕತ್ತರಿ ಬಿದ್ದದ್ದು ಬಂಗಾರಕ್ಕನಿಗೆ. ಸಭಾಮರ್ಯಾದೆಗೆ ಒಗ್ಗದ ಅವಳ ಮಾತು ಸರ್ಕಾರಿ ವೇದಿಕೆಯಲ್ಲಿ ಉಳಿಯುವುದು ಕಷ್ಟ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಂಗಭೂಮಿಯ ಹಿನ್ನೆಲೆಯಿಂದ ಬಂದು ಸ್ವಾತಂತ್ರ್ಯ ಹೋರಾಟದಂಥ ಹೊಸ ವಸ್ತುಗಳನ್ನು ಗೊಂಬೆಯಾಟಕ್ಕೆ ತಂದರು, ಅದಕ್ಕೆ ನಗರದ ಪ್ರೇಕ್ಷಕರನ್ನು ದೊರಕಿಸಿದರು. 2023ರಲ್ಲಿ ಅವರು ತೀರಿಕೊಂಡಾಗ ಈ ಕಲೆ ಸಮರ್ಥ ಸಂಘಟಕನನ್ನು ಕಳೆದುಕೊಂಡಿತು. ಆದರೆ ಅವರ ದಾರಿ ನಿರ್ದೇಶಕನ ದಾರಿ; ಮೋರನಾಳದ್ದು ಮನೆಯ ದಾರಿ. ಎರಡನ್ನೂ ಒಂದೇ ಅಳತೆಯಿಂದ ಅಳೆಯಲಾಗದು.

ಮನೆ ಎಂದಾಗ ಬೇರಿನ ಮಾತು ಬರುತ್ತದೆ. ನೆಲದಲ್ಲಿ ನಿಂತವರಿಗೆ ಬೇರು ಎಂಬ ರೂಪಕ ಸಹಜ, ಅಲೆಮಾರಿಗಳಿಗೆ ಅಷ್ಟು ಸಲೀಸಲ್ಲ. ಅವರ ಮೂಲ ನೆಲದಲ್ಲಿಲ್ಲ, ಗೊಂಬೆಯ ಪೆಟ್ಟಿಗೆಯಲ್ಲಿದೆ. ದೇವತೆಗಳನ್ನೂ ರಕ್ಕಸರನ್ನೂ ಬೇರೆ ಬೇರೆಯಾಗಿ ಜೋಡಿಸಿ ಕಟ್ಟಿಡುವ ಆ ಪೆಟ್ಟಿಗೆಯೇ ಮನೆತನದ ಆಸ್ತಿ. ಮನೆ ಒಡೆದಾಗ ಗೊಂಬೆಗಳು ಗಂಡುಮಕ್ಕಳಿಗೆ ಪಾಲಾಗುತ್ತವೆ. ಆದ್ದರಿಂದ ವಂಶಾವಳಿ ಕೇಳಿದವರಿಗೆ ಅಜ್ಜ, ಅಪ್ಪ, ಮಗ ಎಂಬ ಗಂಡು ಸಾಲೇ ಸಿಗುತ್ತದೆ. ಹಾಡಿನ ದಾರಿ ಹಾಗಲ್ಲ. ಗೊಂಬೆಯಾಡಿಸುವ ಮನೆಯಲ್ಲಿ ಹುಟ್ಟಿದ ಹುಡುಗಿ ತವರಿನಲ್ಲಿ ಕೇಳಿ ಕಲಿತ ಧಾಟಿಯನ್ನು ಗಂಟಲಿನಲ್ಲಿಟ್ಟುಕೊಂಡು ಗೊಂಬೆಯಾಡಿಸುವ ಇನ್ನೊಂದು ಮನೆಗೆ ಸೊಸೆಯಾಗಿ ಹೋಗುತ್ತಾಳೆ. ಅಲ್ಲಿ ಅತ್ತೆಯ ಧಾಟಿಗೆ ತನ್ನದನ್ನು ಕೂಡಿಸಬೇಕು. ಮುಂದೆ ಅವಳೇ ಅಜ್ಜಿಯಾದಾಗ ಮೊಮ್ಮಕ್ಕಳ ಕಿವಿಗೆ ಬೀಳುವುದು ಈ ಕೂಡಿದ ಧಾಟಿ. ಗೊಂಬೆಗಳು ಪಾಲಾಗುತ್ತ ಕಿರಿದಾಗುತ್ತವೆ, ಹಾಡು ಮದುವೆಯಾಗುತ್ತ ಹಿರಿದಾಗುತ್ತದೆ. ಮನೆತನದ ಚರಿತ್ರೆಯನ್ನು ಗೊಂಬೆಯ ಪಾಲಿನಿಂದ ಬರೆದರೆ ಒಂದು ಚಿತ್ರ, ಹಾಡಿನ ಪಯಣದಿಂದ ಬರೆದರೆ ಇನ್ನೊಂದು.

ಬೇರೆ ನಾಡಿನ ಮೂಲನಿವಾಸಿ ಕಲಾವಿದೆಯೊಬ್ಬರ ಪ್ರಯೋಗ ಇಲ್ಲಿ ನೆನಪಿಗೆ ಬರುತ್ತದೆ. ಕೆನಡಾದ ಮೊಹಾಕ್ ಸಮುದಾಯದ ಸಾಂಟೀ ಸ್ಮಿತ್ 2004ರಲ್ಲಿ ರಚಿಸಿದ ನೃತ್ಯರೂಪಕದ ಹೆಸರು ‘ಕಹಾವಿ’. ಅದು ಅವರ ಅಜ್ಜಿಯ ಹೆಸರೂ ಹೌದು, ಅವರ ನೃತ್ಯ ತಂಡದ ಹೆಸರೂ ಹೌದು. ಹೊರುವವಳು ಎಂದು ಅದರ ಅರ್ಥ. ಅಲ್ಲಿ ಮೊಮ್ಮಗಳು ಅಜ್ಜಿಯನ್ನು ರಂಗಕ್ಕೆ ತಂದು ಅವಳ ಹೆಸರಿನಲ್ಲಿ ಕುಣಿಯುತ್ತಾಳೆ. ಮೋರನಾಳದಲ್ಲಿ ಅಜ್ಜಿಯೇ ರಂಗದಲ್ಲಿ ಇದ್ದಾಳೆ, ಅವಳ ಹೆಸರು ಮಾತ್ರ ಬಹುಕಾಲ ಹೊರಗೆ ಕೇಳಿಸಲಿಲ್ಲ. ಇನ್ನೂ ಸಮೀಪದ ಹೋಲಿಕೆ ಬೇಕಾದರೆ ಹೊಳೆ ದಾಟಿದರೆ ದರೋಜಿಯ ಬುರ್ರಕಥಾ ಈರಮ್ಮನವರಿದ್ದಾರೆ. 2014ರಲ್ಲಿ ತೀರಿಕೊಂಡ ಆ ಅಲೆಮಾರಿ ಗಾಯಕಿ ಹಾಡುತ್ತಿದ್ದ ಕುಮಾರರಾಮನ ಕಥೆಯ ಕುಮ್ಮಟದುರ್ಗ ಇರುವುದು ಗಂಗಾವತಿ ಸೀಮೆಯಲ್ಲಿಯೇ. ಈರಮ್ಮನವರ ವಿಷಯದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಶಂಸನೀಯವಾದ ಕೆಲಸ ಮಾಡಿತು. ಅವರಿಗೆ ನಾಡೋಜ ಪದವಿ ಕೊಟ್ಟುದಷ್ಟೇ ಅಲ್ಲ, ಅವರು ಹಾಡಿದ ಕಾವ್ಯಗಳನ್ನೂ ಬರಹಕ್ಕಿಳಿಸಿ ಪ್ರಕಟಿಸಿತು. ಹಾಗಾಗಿ ಇಂದು ಈರಮ್ಮನವರನ್ನು ಕವಿಯಾಗಿ ಓದಬಹುದು, ಒಪ್ಪಬಹುದು, ಅವರೊಡನೆ ಜಗಳವನ್ನೂ ಆಡಬಹುದು. ಗೌರವ ಎಂಬುದಕ್ಕೆ ವಿಮರ್ಶೆ ಕೊಡಬಹುದಾದ ಅರ್ಥ ಇದೇ.

ಗೊಂಬೆಯಾಟದ ಹೆಂಗಸರ ವಿಷಯದಲ್ಲಿ ಆ ಕೆಲಸ ಇನ್ನೂ ಕಠಿಣ. ಈರಮ್ಮನವರದು ಕಥನಗಾಯನ, ಪಠ್ಯವಾಗಿ ಕೂಡಿಸಿಡಬಹುದು. ತೊಗಲುಗೊಂಬೆಯ ಮಾತಿನ ಭಾಗ ಆ ರಾತ್ರಿಯ ಪ್ರೇಕ್ಷಕರನ್ನು ನೋಡಿ ಹುಟ್ಟುವಂಥದು; ಒಬ್ಬರು ಗೊಂಬೆ ಹಿಡಿದಾಗ ಇನ್ನೊಬ್ಬರು ಮಾತು ತೆಗೆಯುತ್ತಾರೆ, ಮೂರನೆಯವರು ಹಾಡಿಗೆ ಎಳೆದುಕೊಳ್ಳುತ್ತಾರೆ. ತೆರೆಯ ಮುಂದಿಟ್ಟ ಒಂದು ಕ್ಯಾಮೆರಾ ಇದನ್ನು ಹಿಡಿಯದು. ತೆರೆಯ ಹಿಂದೆ ಯಾರು ಎಲ್ಲಿ ಕುಳಿತರು, ಸೀತೆಯ ಮಾತನ್ನು ಯಾರು ಆಡಿದರು, ಆ ಧಾಟಿ ಅವರಿಗೆ ತವರಿನಿಂದ ಬಂತೋ ಅತ್ತೆಯಿಂದ ಬಂತೋ, ಬಂಗಾರಕ್ಕನ ಯಾವ ಮಾತನ್ನು ಯಾವ ವೇದಿಕೆಯಲ್ಲಿ ಬಿಟ್ಟರು ಎಂಬುದನ್ನು ಮನೆಯವರೊಡನೆ ಕುಳಿತು ಬರೆದುಕೊಳ್ಳಬೇಕು. ಸಂಗ್ರಹಾಲಯಗಳ ಗೊಂಬೆಪಟ್ಟಿಯಲ್ಲಿ ಎತ್ತರ, ಅಗಲ, ಬಣ್ಣ, ಕಾಲಗಳ ಜೊತೆಗೆ ಇನ್ನೊಂದು ಅಂಕಣ ಬೇಕು: ಈ ಗೊಂಬೆಗೆ ಮಾತಾಡುತ್ತಿದ್ದವರು ಯಾರು. ಮೋರನಾಳದಿಂದ ತೊಡಗಿ ಜಿಲ್ಲೆಯ ಮೇಳಗಳಲ್ಲಿ ಆ ಅಂಕಣವನ್ನು ತುಂಬಿಸಬಲ್ಲವರು ಆ ಮನೆಗಳ ಹಿರಿಯ ಹೆಂಗಸರು.